ಸಾಲ್ಮನ್ ನದಿಯ ಹುಟ್ಟಿನಲ್ಲಿ ಗಣಿ ಬಂದಾಗ: ಉದ್ಯಮಗಳು ಆಕ್ಷೇಪಣೆ ಸಲ್ಲಿಸುವ ಕ್ರಮ

ಅಲಾಸ್ಕಾದ ನೈಋತ್ಯ ಕರಾವಳಿಯ ಬ್ರಿಸ್ಟಲ್ ಬೇ ಎಂಬ ಕೊಲ್ಲಿಗೆ ಬಂದು ಸೇರುವ ನದಿಗಳಲ್ಲಿ ಮೀನುಮರಿ ಉತ್ಪಾದನಾ ಕೇಂದ್ರ ಒಂದೂ ಇಲ್ಲ. ಅಲ್ಲಿನ ಸಾಕ್‌ಐ ಸಾಲ್ಮನ್ ಹೊಳೆಯ ಜಲ್ಲಿಯಲ್ಲಿ ಹುಟ್ಟಿ, ಸರೋವರದಲ್ಲಿ ಬೆಳೆದು, ಸಮುದ್ರಕ್ಕೆ ಹೋಗಿ, ಮೊಟ್ಟೆ ಇಡಲು ಹುಟ್ಟಿದ ಹೊಳೆಗೇ ಮರಳುತ್ತದೆ. ಜಗತ್ತಿನ ಸಾಕ್‌ಐಯಲ್ಲಿ ಹೆಚ್ಚುಕಡಿಮೆ ಅರ್ಧ ಇಲ್ಲಿಯದು. 2022ರಲ್ಲಿ ಮರಳಿ ಬಂದ ಮೀನು ಸುಮಾರು 7.9 ಕೋಟಿ, ಹಿಡಿದದ್ದು ಸುಮಾರು 6 ಕೋಟಿ. ಇದೇ ಜಲಾನಯನದ ಎರಡು ದೊಡ್ಡ ನದಿಗಳಾದ ನುಶಗಾಕ್ ಮತ್ತು ಕ್ವಿಚಾಕ್ ಹುಟ್ಟುವ ಕಡೆ ಪೆಬಲ್ ಎಂಬ ತಾಮ್ರ, ಚಿನ್ನ, ಮಾಲಿಬ್ಡಿನಂ ನಿಕ್ಷೇಪವಿದೆ. ಅದನ್ನು ಅಗೆಯುವ ಯೋಜನೆಗೆ ಎದುರಾಗಿ ನಿಂತವರಲ್ಲಿ ಮೀನುಗಾರರು, ಮೀನು ಸಂಸ್ಕರಣಾ ಘಟಕಗಳು, ಗಾಳ ಹಾಕಲು ಬರುವ ಪ್ರವಾಸಿಗರ ಲಾಡ್ಜ್ ಮಾಲೀಕರು, ಗಾಳದ ಸಾಮಾನು ತಯಾರಿಸುವವರು, ಬಾಣಸಿಗರು, ಆಭರಣ ವ್ಯಾಪಾರಿಗಳು ಎಲ್ಲರೂ ಇದ್ದರು.

ಬ್ರಿಸ್ಟಲ್ ಬೇಯಲ್ಲಿ ನಡೆದದ್ದನ್ನು ಆಧಾರವಾಗಿಟ್ಟುಕೊಂಡು, ಒಂದು ಉದ್ಯಮ ತನ್ನ ವಿರೋಧವನ್ನು ಹೇಗೆ ಕಟ್ಟಬೇಕು, ಎಲ್ಲಿ ಸಲ್ಲಿಸಬೇಕು, ಎಲ್ಲಿ ಎಡವುತ್ತದೆ ಎಂಬುದನ್ನು ಇಲ್ಲಿ ಹಂತಹಂತವಾಗಿ ಹೇಳುತ್ತೇವೆ. ಎಲ್ಲಕ್ಕೂ ಮೊದಲು ಒಂದು ಮಾತು ಸ್ಪಷ್ಟವಿರಲಿ. ವ್ಯಾಪಾರಿಯ ಪತ್ರ ಸಹಾನುಭೂತಿಯ ಪತ್ರವಾದರೆ ಅದರಿಂದ ಏನೂ ಆಗುವುದಿಲ್ಲ. ಅದು ಸಾಕ್ಷ್ಯವಾಗಬೇಕು. ಗಡುವಿನೊಳಗೆ, ಸರಿಯಾದ ಕಡತದೊಳಗೆ, ಅಧಿಕಾರಿ ಪಕ್ಕಕ್ಕಿಡಲಾಗದ ರೂಪದಲ್ಲಿ ಸೇರಬೇಕು. ಮುಂದೆ ವಿಷಯ ನ್ಯಾಯಾಲಯಕ್ಕೆ ಹೋದಾಗ ನ್ಯಾಯಾಧೀಶರು ಸಾಮಾನ್ಯವಾಗಿ ನೋಡುವುದು ನಿರ್ಧಾರದ ದಿನ ಕಡತದಲ್ಲಿ ಏನಿತ್ತು ಎಂಬುದನ್ನು ಮಾತ್ರ. ಆಮೇಲೆ ತಂದ ಅಂಕಿಅಂಶ ಎಷ್ಟೇ ಸತ್ಯವಾಗಿದ್ದರೂ ಹೊರಗೇ ಉಳಿಯುತ್ತದೆ.

ಯಾವ ಹೊಳೆ, ಯಾವ ಮೀನು

“ಗಣಿ ಬಂದರೆ ಮೀನು ಸಾಯುತ್ತದೆ” ಎಂಬ ವಾಕ್ಯದಿಂದ ಶುರು ಮಾಡಬೇಡಿ. ನಕಾಶೆಯಿಂದ ಶುರು ಮಾಡಿ. ಪೆಬಲ್ ನಿಕ್ಷೇಪದ ಸುತ್ತ ಮೂರು ಹೊಳೆಗಳಿವೆ. ಕಾಕ್ಟುಲಿಯ ಉತ್ತರ ಕವಲು ಮತ್ತು ದಕ್ಷಿಣ ಕವಲು ಕೂಡಿ ಮುಲ್ಚಾಟ್ನಾ ಮೂಲಕ ನುಶಗಾಕ್ ಸೇರುತ್ತವೆ. ಮೇಲಿನ ಟಲಾರಿಕ್ ಹೊಳೆ ಇಲಿಯಾಮ್ನಾ ಸರೋವರಕ್ಕೆ ಬಿದ್ದು, ಅಲ್ಲಿಂದ ಕ್ವಿಚಾಕ್ ಆಗಿ ಹೊರಡುತ್ತದೆ. ನಿಮ್ಮ ಮೀನು ಯಾವ ಮೀನುಗಾರಿಕಾ ಜಿಲ್ಲೆಯಲ್ಲಿ ಹಿಡಿದದ್ದು, ಆ ಜಿಲ್ಲೆಗೆ ಯಾವ ನದಿಯ ಮೀನು ಬರುತ್ತದೆ, ಆ ನದಿಗೆ ಈ ಮೂರರಲ್ಲಿ ಯಾವುದರ ನೀರು ಸೇರುತ್ತದೆ ಎಂಬ ಸರಪಳಿಯನ್ನು ಒಂದು ಪುಟದಲ್ಲಿ ಬರೆದಿಟ್ಟುಕೊಳ್ಳಿ. ಈ ಸರಪಳಿ ಇಲ್ಲದ ಪತ್ರವನ್ನು ಅಧಿಕಾರಿ “ಸಾಮಾನ್ಯ ವಿರೋಧ” ಎಂಬ ಗುಂಪಿಗೆ ಹಾಕಿ ಮುಂದೆ ಹೋಗುತ್ತಾರೆ.

ಅಪಾಯ ಹೇಗೆ ಬರುತ್ತದೆ ಎಂಬುದನ್ನೂ ಬಿಡಿಸಿ ತಿಳಿದಿರಬೇಕು. ಅದು ಮೂರು ಬಗೆ, ಮೂರನ್ನೂ ಕಲಸಬಾರದು. ಮೊದಲನೆಯದು ನೇರ ನಾಶ. ಗುಂಡಿ, ಗಣಿತ್ಯಾಜ್ಯದ ಕಟ್ಟೆ, ರಸ್ತೆಗಳ ಕೆಳಗೆ ಹೊಳೆ ಮತ್ತು ಜೌಗುಭೂಮಿ ಮುಚ್ಚಿಹೋಗುತ್ತವೆ. ಇದಕ್ಕೆ ಅಪಘಾತ ಬೇಕಿಲ್ಲ, ಎಲ್ಲವೂ ಯೋಜನೆಯಂತೆ ನಡೆದರೂ ಆಗುವ ನಷ್ಟವಿದು. ಎರಡನೆಯದು ನೀರಿನ ಹರಿವಿನ ಬದಲಾವಣೆ. ಗುಂಡಿ ಒಣಗಿರಲೆಂದು ಅಂತರ್ಜಲ ಎತ್ತಿದರೆ ಹೊಳೆಗೆ ಅಡಿಯಿಂದ ಒಸರುವ ನೀರು ಕಡಿಮೆಯಾಗುತ್ತದೆ. ಚಳಿಗಾಲದಲ್ಲಿ ಜಲ್ಲಿಯೊಳಗಿನ ಮೊಟ್ಟೆಯನ್ನು ಹೆಪ್ಪುಗಟ್ಟದಂತೆ ಕಾಯುವುದು ಈ ಒಸರೇ. ಮೂರನೆಯದು ರಾಸಾಯನಿಕ. ಗಂಧಕಯುಕ್ತ ಅದಿರು ಗಾಳಿ ಮತ್ತು ನೀರಿಗೆ ತೆರೆದುಕೊಂಡರೆ ಆಮ್ಲವಾಗುತ್ತದೆ, ಆಮ್ಲ ತಾಮ್ರವನ್ನು ಕರಗಿಸುತ್ತದೆ. ಒಂದು ಲೀಟರಿಗೆ ಕೆಲವೇ ಮೈಕ್ರೊಗ್ರಾಂ ತಾಮ್ರ ಹೆಚ್ಚಾದರೂ ಸಾಲ್ಮನ್‌ನ ವಾಸನೆಯ ಶಕ್ತಿ ಕುಂದಬಹುದು. ಹುಟ್ಟಿದ ಹೊಳೆಯನ್ನು ವಾಸನೆಯಿಂದಲೇ ಗುರುತಿಸುವ ಮೀನು ಅದು. ಸಾಯದೆಯೂ ಅದು ದಾರಿ ತಪ್ಪಬಹುದು, ಹಿಂಸ್ರ ಮೀನಿನಿಂದ ತಪ್ಪಿಸಿಕೊಳ್ಳಲಾಗದೆ ಹೋಗಬಹುದು.

ಕಟ್ಟೆ ಒಡೆಯುವ ಸಾಧ್ಯತೆ ಎಲ್ಲರ ಬಾಯಲ್ಲೂ ಮೊದಲು ಬರುತ್ತದೆ. 2014ರ ಆಗಸ್ಟ್ 4ರಂದು ಬ್ರಿಟಿಷ್ ಕೊಲಂಬಿಯಾದ ಮೌಂಟ್ ಪಾಲಿ ಗಣಿಯ ಕಟ್ಟೆ ಒಡೆದು ಕೆಸರು ಕ್ವೆನೆಲ್ ಸರೋವರಕ್ಕೆ ನುಗ್ಗಿದ್ದು ನಿಜ. ಆದರೂ ಪತ್ರದ ಮುಖ್ಯ ವಾದವನ್ನು ಇದರ ಮೇಲೆ ನಿಲ್ಲಿಸಬೇಡಿ ಎಂಬುದು ನಮ್ಮ ಸ್ಪಷ್ಟ ಸಲಹೆ. ಕಂಪನಿ ಹೊಸ ವಿನ್ಯಾಸ ತೋರಿಸುತ್ತದೆ, ಸಂಭವನೀಯತೆಯ ಲೆಕ್ಕ ಕೊಡುತ್ತದೆ, ಚರ್ಚೆ ಎಂಜಿನಿಯರುಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಮೊದಲ ಬಗೆಯ ನಷ್ಟದಲ್ಲಿ ಅಂಥ ಸಂದಿಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ 2023ರ ಜನವರಿಯ ಅಂತಿಮ ನಿರ್ಣಯದಲ್ಲಿ ಆಧಾರವಾಗಿ ತೆಗೆದುಕೊಂಡದ್ದು ಇಂಥ ನಷ್ಟವನ್ನೇ: ಸಾಲ್ಮನ್ ಇರುವುದು ದಾಖಲಾದ ಸುಮಾರು 8.5 ಮೈಲಿ ಹೊಳೆ, ಅವುಗಳಿಗೆ ಆಧಾರವಾದ ಇನ್ನೂ 91 ಮೈಲಿ ತೊರೆಗಳು, ಸುಮಾರು 2,108 ಎಕರೆ ಜೌಗುಭೂಮಿ ಮತ್ತಿತರ ಜಲಪ್ರದೇಶ ಇವೆಲ್ಲ ಇಲ್ಲವಾಗುತ್ತವೆ. ಇದರ ಜೊತೆಗೆ 29 ಮೈಲಿಯಷ್ಟು ಹೊಳೆಗಳಲ್ಲಿ ತಿಂಗಳ ಸರಾಸರಿ ಹರಿವು ಶೇ. 20ಕ್ಕಿಂತ ಹೆಚ್ಚು ಏರುಪೇರಾಗುತ್ತದೆ.

“ಇಷ್ಟು ದೊಡ್ಡ ಜಲಾನಯನದಲ್ಲಿ ಎಂಟೂವರೆ ಮೈಲಿ ಏನು ಮಹಾ” ಎಂಬ ಪ್ರಶ್ನೆ ಬಂದೇ ಬರುತ್ತದೆ. ಇದಕ್ಕೆ ಉತ್ತರ ಕೊಡಲು ವ್ಯಾಪಾರಿಗಿಂತ ಯೋಗ್ಯರು ಬೇರೆ ಇಲ್ಲ. ಬ್ರಿಸ್ಟಲ್ ಬೇಯ ಸಾಕ್‌ಐ ಒಂದೇ ಹಿಂಡಲ್ಲ, ನೂರಾರು ಬೇರೆ ಬೇರೆ ಬಳಗ. ಒಂದು ಹೊಳೆಗೆ ಕೆಟ್ಟ ವರ್ಷ ಬಂದರೆ ಇನ್ನೊಂದಕ್ಕೆ ಒಳ್ಳೆಯದಾಗುತ್ತದೆ. 2010ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಇದನ್ನು ಲೆಕ್ಕ ಹಾಕಿ ತೋರಿಸಿತು. ಎಲ್ಲವೂ ಒಂದೇ ಬಳಗವಾಗಿದ್ದರೆ ವರ್ಷದಿಂದ ವರ್ಷಕ್ಕೆ ಮೀನಿನ ಏರಿಳಿತ ಎರಡು ಪಟ್ಟಿಗೂ ಹೆಚ್ಚಾಗುತ್ತಿತ್ತು, ಮೀನುಗಾರಿಕೆ ನಿಲ್ಲಿಸಬೇಕಾದ ವರ್ಷಗಳು ಹತ್ತು ಪಟ್ಟು ಹೆಚ್ಚಾಗುತ್ತಿದ್ದವು. ದೋಣಿಯ ಸಾಲ ಕಟ್ಟುವವನಿಗೆ, ಮುಂಗಡ ಕೊಟ್ಟು ಮೀನು ಕಾಯ್ದಿರಿಸುವ ಘಟಕಕ್ಕೆ ಬೇಕಾಗಿರುವುದು ಈ ಸ್ಥಿರತೆ. ಸರಾಸರಿ ಹಿಡಿತ ಅದಾದಮೇಲಿನ ಮಾತು. ಚಿಕ್ಕ ಹೊಳೆಗಳನ್ನು ಒಂದೊಂದಾಗಿ ಕಳೆದುಕೊಂಡಂತೆ ಕಳಚಿಹೋಗುವುದೂ ಈ ಸ್ಥಿರತೆಯೇ. ಪತ್ರದಲ್ಲಿ ಇದನ್ನು ನಿಮ್ಮ ಸಾಲದ ಕಂತಿನ ಭಾಷೆಯಲ್ಲೇ ಬರೆಯಿರಿ.

ಲೆಕ್ಕದ ಪುಸ್ತಕ ತೆರೆಯುವುದು

ಉದ್ಯಮದ ನಿಜವಾದ ಬಲ ಇರುವುದು ಇಲ್ಲಿ, ಹೆಚ್ಚಿನವರು ಸೋಮಾರಿತನ ಮಾಡುವುದೂ ಇಲ್ಲೇ. ಕನಿಷ್ಠ ಐದು ಋತುವಿನ ಲೆಕ್ಕ ಒಟ್ಟು ಮಾಡಿ. ಒಂದೇ ವರ್ಷದ ಅಂಕಿ ಕೊಟ್ಟರೆ ಒಳ್ಳೆಯ ವರ್ಷ ಆರಿಸಿಕೊಂಡಿದ್ದೀರಿ ಎಂಬ ಮಾತು ಬರುತ್ತದೆ.

ಮೀನುಗಾರರ ಬಳಿ ಪ್ರತಿ ಸಲ ಮೀನು ಇಳಿಸಿದಾಗಲೂ ಬರುವ ಫಿಶ್ ಟಿಕೆಟ್ ಇರುತ್ತದೆ. ತೂಕ, ಜಾತಿ, ಹಿಡಿದ ಜಿಲ್ಲೆ ಎಲ್ಲ ಅದರಲ್ಲಿವೆ. ರಾಜ್ಯ ಇವುಗಳನ್ನು ಗೋಪ್ಯವಾಗಿಡುತ್ತದೆ, ಆದ್ದರಿಂದ ಒಬ್ಬೊಬ್ಬರ ಲೆಕ್ಕ ಕಡತಕ್ಕೆ ಸೇರಬೇಕಾದರೆ ಅವರೇ ಕೊಡಬೇಕು. ಸಂಸ್ಕರಣಾ ಘಟಕಗಳು ರಾಜ್ಯಕ್ಕೆ ವರ್ಷಕ್ಕೊಮ್ಮೆ ಸಲ್ಲಿಸುವ ಕಾರ್ಯಾಚರಣಾ ವರದಿಯ ಪ್ರತಿ ಇಟ್ಟುಕೊಂಡಿರುತ್ತವೆ. ಮೀನು ಹಿಡಿಯುವ ಪರವಾನಗಿಯ ಮಾರುಕಟ್ಟೆ ಬೆಲೆಯ ಅಂದಾಜನ್ನು ರಾಜ್ಯದ ವಾಣಿಜ್ಯ ಮೀನುಗಾರಿಕಾ ಪ್ರವೇಶ ಆಯೋಗ ಪ್ರಕಟಿಸುತ್ತದೆ. ಲಾಡ್ಜ್ ನಡೆಸುವವರು ಬುಕಿಂಗ್ ಪುಸ್ತಕದಿಂದ ಅತಿಥಿ-ದಿನಗಳನ್ನು, ವಿಮಾನದ ಬಾಡಿಗೆಯನ್ನು, ಗೈಡುಗಳ ಸಂಬಳವನ್ನು ಬೇರೆ ಬೇರೆಯಾಗಿ ತೆಗೆಯಲಿ. ದೂರದ ಊರಿನ ಹೋಟೆಲು ಅಥವಾ ಮೀನಿನಂಗಡಿ ಇದ್ದರೆ ಬ್ರಿಸ್ಟಲ್ ಬೇ ಎಂದು ಬರೆದಿರುವ ಖರೀದಿ ಬಿಲ್ಲುಗಳನ್ನು ಹುಡುಕಲಿ. “ಅಲಾಸ್ಕಾ ಸಾಲ್ಮನ್” ಎಂದಷ್ಟೇ ಇದ್ದರೆ ಸರಬರಾಜುದಾರನಿಂದ ಮೂಲದ ಪತ್ರ ತರಿಸಿಕೊಳ್ಳಬೇಕು.

ಇಲ್ಲಿ ಆಗುವ ದೊಡ್ಡ ತಪ್ಪು ಒಂದೇ ಹಣವನ್ನು ಎರಡು ಸಲ ಎಣಿಸುವುದು. ದೋಣಿಯಿಂದ ಇಳಿಸುವಾಗ ಮೀನುಗಾರನಿಗೆ ಸಿಗುವ ಮೊತ್ತ ಬೇರೆ, ಘಟಕದಿಂದ ಹೊರಡುವಾಗಿನ ಮೊದಲ ಸಗಟು ಬೆಲೆ ಬೇರೆ, ಎರಡನೆಯದರೊಳಗೆ ಮೊದಲನೆಯದು ಸೇರಿಯೇ ಇದೆ. ಎರಡನ್ನೂ ಕೂಡಿಸಿ ಬರೆದರೆ ಎದುರಾಳಿಯ ಅರ್ಥಶಾಸ್ತ್ರಜ್ಞ ಒಂದೇ ಸಾಲಿನಲ್ಲಿ ಇಡೀ ಪತ್ರವನ್ನು ಹೊಡೆದುಹಾಕುತ್ತಾನೆ. ಇಡೀ ಮೀನುಗಾರಿಕೆಯ ಅಂಕಿ ಬೇಕಾದರೆ ಎಲ್ಲರೂ ಒಂದೇ ಅಧ್ಯಯನ ಹಿಡಿಯಿರಿ. ಇಪಿಎ ಬಳಸಿಕೊಂಡದ್ದು 2019ರ ಅಂದಾಜು: 15,000 ಉದ್ಯೋಗ, 220 ಕೋಟಿ ಡಾಲರ್ ಆರ್ಥಿಕ ಲಾಭ. ಇದು ಇಡೀ ದೇಶದ ಲೆಕ್ಕ. ಅಲಾಸ್ಕಾದೊಳಗಿನ ಪಾಲು ಸುಮಾರು 99 ಕೋಟಿ ಡಾಲರ್. ರಾಜ್ಯದ ಅಧಿಕಾರಿಗೆ ಬರೆಯುವಾಗ ಈ ಎರಡನೆಯ ಅಂಕಿಯನ್ನೇ ಕೊಡಿ.

ಕಾನೂನಿನ ಪದಕ್ಕೆ ನಿಮ್ಮ ಮಾತನ್ನು ಹೊಂದಿಸುವುದು

ಅಮೆರಿಕದ ಶುದ್ಧ ಜಲ ಕಾಯ್ದೆಯ 404ನೇ ವಿಧಿಯಂತೆ ಜೌಗುಭೂಮಿ ಅಥವಾ ಹೊಳೆಗೆ ಮಣ್ಣು, ಕಲ್ಲು ತುಂಬಲು ಸೇನೆಯ ಎಂಜಿನಿಯರ್ ದಳದ ಪರವಾನಗಿ ಬೇಕು. ಪೆಬಲ್ ಕಂಪನಿ ಅರ್ಜಿ ಹಾಕಿದ್ದು 2017ರ ಡಿಸೆಂಬರಿನಲ್ಲಿ. ದಳ ಪರವಾನಗಿ ನಿರಾಕರಿಸಿದ್ದು 2020ರ ನವೆಂಬರ್ 25ರಂದು, ಯೋಜನೆ ಕಾಯ್ದೆಯ ಮಾರ್ಗಸೂಚಿಗೆ ಹೊಂದುವುದಿಲ್ಲ, ಸಾರ್ವಜನಿಕ ಹಿತಕ್ಕೂ ವಿರುದ್ಧ ಎಂಬ ಎರಡು ಕಾರಣ ಕೊಟ್ಟು. ಎಂಜಿನಿಯರ್ ದಳಕ್ಕೆ ಬರೆಯುವಾಗ ಈ “ಸಾರ್ವಜನಿಕ ಹಿತ”ದ ತೂಕಕ್ಕೆ ನಿಮ್ಮ ಅಂಕಿ ಸೇರಬೇಕು.

ಅದೇ 404ನೇ ವಿಧಿಯ ಸಿ ಉಪವಿಧಿ ಇಪಿಎಗೆ ಇನ್ನೊಂದು ಅಧಿಕಾರ ಕೊಡುತ್ತದೆ. ಒಂದು ಜಾಗವನ್ನು ತ್ಯಾಜ್ಯ ಸುರಿಯುವ ಸ್ಥಳವಾಗಿ ಬಳಸದಂತೆ ಅದು ತಡೆಯಬಹುದು. ಅದಕ್ಕೆ ತೋರಿಸಬೇಕಾದದ್ದು ಕುಡಿಯುವ ನೀರಿನ ಸರಬರಾಜು, ಚಿಪ್ಪುಮೀನಿನ ನೆಲೆ, ಮೊಟ್ಟೆಯಿಡುವ ಜಾಗವೂ ಸೇರಿದ ಮೀನುಗಾರಿಕಾ ಪ್ರದೇಶ, ವನ್ಯಜೀವಿ, ಮನರಂಜನಾ ಪ್ರದೇಶ ಇವುಗಳಲ್ಲಿ ಯಾವುದಕ್ಕಾದರೂ ಒಪ್ಪಲಾಗದಂಥ ಹಾನಿ. ಮೀನುಗಾರ “ಮೀನುಗಾರಿಕಾ ಪ್ರದೇಶ” ಎಂಬ ಪದವನ್ನೂ, ಲಾಡ್ಜ್ ಮಾಲೀಕ “ಮನರಂಜನಾ ಪ್ರದೇಶ” ಎಂಬ ಪದವನ್ನೂ ಹಿಡಿದು ಬರೆಯಬೇಕು. ಇಪಿಎ ಈ ಅಧಿಕಾರ ಬಳಸುವುದು ಅಪರೂಪ, ಪೆಬಲ್ ಇಡೀ ಇತಿಹಾಸದಲ್ಲೇ 14ನೆಯದು. ಅಷ್ಟು ಅಪರೂಪದ ಹೆಜ್ಜೆ ಇಡುವ ಅಧಿಕಾರಿಗೆ ಗಟ್ಟಿ ಕಡತ ಬೇಕೇ ಬೇಕು.

ಪತ್ರದ ಅಸ್ಥಿಪಂಜರ ಹೀಗಿರಲಿ. ಎರಡು ಪುಟ ಮೀರದಿರಲಿ, ಲೆಕ್ಕಪತ್ರಗಳು ಲಗತ್ತಾಗಿ ಹೋಗಲಿ.

“ನಮ್ಮ ಸಂಸ್ಥೆ ___ ಊರಿನಲ್ಲಿ ___ ವರ್ಷದಿಂದ ನಡೆಯುತ್ತಿದೆ. ಋತುವಿನಲ್ಲಿ ___ ಜನ, ಉಳಿದ ತಿಂಗಳಲ್ಲಿ ___ ಜನ ಕೆಲಸ ಮಾಡುತ್ತಾರೆ. ___ರಿಂದ ___ರವರೆಗಿನ ಐದು ಋತುಗಳಲ್ಲಿ ನಾವು ___ ಜಿಲ್ಲೆಯಿಂದ ___ ಪೌಂಡು ಸಾಕ್‌ಐ ಖರೀದಿಸಿದ್ದೇವೆ, ಇದು ನಮ್ಮ ಒಟ್ಟು ವಹಿವಾಟಿನ ಶೇ. ___. ಈ ಮೀನು ಆಧರಿಸಿ ___ ಡಾಲರ್ ಬಂಡವಾಳ ಹೂಡಿದ್ದೇವೆ, ಅದರಲ್ಲಿ ಸಾಲ ___. ಕರಡು ವರದಿಯ ___ ಅಧ್ಯಾಯ, ___ ಪುಟದಲ್ಲಿ ___ ಎಂದು ಹೇಳಿದೆ. ಇದು ___ ಕಾರಣಕ್ಕೆ ಅಪೂರ್ಣ, ಆಧಾರ ಲಗತ್ತಿಸಿದೆ. ಆದ್ದರಿಂದ ___ ವಿಧಿಯಡಿ ___ ಕ್ರಮ ತೆಗೆದುಕೊಳ್ಳಬೇಕೆಂದು ಕೋರುತ್ತೇವೆ.”

ಮೇಲ್ಗಡೆ ಡಾಕೆಟ್ ಸಂಖ್ಯೆ, ಅಂದರೆ ಆ ವಿಷಯದ ಸಾರ್ವಜನಿಕ ಕಡತದ ಸಂಖ್ಯೆ, ತಪ್ಪದೆ ಬರೆಯಿರಿ. ಸಂಖ್ಯೆ ತಪ್ಪಿದ ಪತ್ರ ಬೇರೆ ಕಡತಕ್ಕೆ ಹೋಗಿ ಅಲ್ಲೇ ಕೂತಿರುತ್ತದೆ. ಸಲ್ಲಿಸಿದ ಮೇಲೆ ಬರುವ ಸ್ವೀಕೃತಿಯನ್ನು ಜೋಪಾನ ಮಾಡಿ, ಕೆಲವು ವಾರದ ಬಳಿಕ ಡಾಕೆಟ್ ತೆರೆದು ನಿಮ್ಮ ಪತ್ರ, ಮುಖ್ಯವಾಗಿ ಲಗತ್ತುಗಳು, ನಿಜಕ್ಕೂ ಅಲ್ಲಿವೆಯೇ ಎಂದು ನೋಡಿ. ವ್ಯಾಪಾರದ ಗುಟ್ಟು ಎನಿಸುವ ಅಂಕಿ ಇದ್ದರೆ ಸಾರ್ವಜನಿಕ ಪ್ರತಿಯಲ್ಲಿ ಶೇಕಡಾವಾರು ಮಾತ್ರ ಕೊಡಿ. ಒಮ್ಮೆ ಡಾಕೆಟ್ ಸೇರಿದ್ದನ್ನು ಪ್ರತಿಸ್ಪರ್ಧಿಯೂ ಓದುತ್ತಾನೆ.

ಒಂದೇ ಒಕ್ಕಣೆಯ ಪತ್ರಕ್ಕೆ ನೂರು ಸಹಿ ಹಾಕಿಸುವುದು ಸುಲಭ. ಆದರೆ ಅಧಿಕಾರಿಗಳು ಒಂದೇ ರೀತಿಯ ಪತ್ರಗಳನ್ನೆಲ್ಲ ಸೇರಿಸಿ ಒಂದೇ ಉತ್ತರ ಕೊಡುತ್ತಾರೆ. ಬೆಂಬಲದ ಅಗಲ ತೋರಿಸಲು, ಶಾಸಕರಿಗೆ ಕಳಿಸಲು ಅದು ಸರಿ. ಕಡತಕ್ಕೆ ಮಾತ್ರ ಬೇರೆ ಬೇರೆ ಲೆಕ್ಕವಿರುವ ಇಪ್ಪತ್ತು ಪತ್ರ ಅದಕ್ಕಿಂತ ಮೇಲು.

ಗಡುವು ಮತ್ತು ಮೀನಿನ ಋತು

ಬ್ರಿಸ್ಟಲ್ ಬೇಯ ಸಾಕ್‌ಐ ಜೂನ್ ಮಧ್ಯದಲ್ಲಿ ಬರತೊಡಗಿ ಜುಲೈ ಮೊದಲ ವಾರದ ಆಸುಪಾಸಿನಲ್ಲಿ ತುದಿ ಮುಟ್ಟುತ್ತದೆ. ಆಗ ಮೀನುಗಾರ ನಿದ್ದೆಯನ್ನೇ ಮಾಡಿರುವುದಿಲ್ಲ, ಸಭೆಗೆ ಬರುವುದು ದೂರದ ಮಾತು. ಆದರೆ 2019ರಲ್ಲಿ ಪರಿಸರ ಪರಿಣಾಮದ ಕರಡು ವರದಿಗೆ ಆಕ್ಷೇಪಣೆಯ ಕೊನೆಯ ದಿನ ಜುಲೈ 1. 404 ಸಿ ಅಡಿ ತಡೆ ಹಾಕುವ 2022ರ ಇಪಿಎ ಪ್ರಸ್ತಾಪಕ್ಕೆ ಮೊದಲು ಕೊಟ್ಟ ಗಡುವು ಜುಲೈ 5, ಅದನ್ನು ಆಮೇಲೆ ಸೆಪ್ಟೆಂಬರ್ 6ಕ್ಕೆ ವಿಸ್ತರಿಸಲಾಯಿತು. ಇದರಿಂದ ಎರಡು ಕೆಲಸ ಹುಟ್ಟುತ್ತವೆ. ಪ್ರಕಟಣೆ ಬಂದ ವಾರದಲ್ಲೇ ವಿಸ್ತರಣೆ ಕೋರಿ ಬರೆಯಿರಿ, ಕಾರಣವಾಗಿ ಋತುವಿನ ದಿನಾಂಕಗಳನ್ನು ಕೊಡಿ. ವಿಸ್ತರಣೆ ಸಿಗುತ್ತದೆ ಎಂದು ಮಾತ್ರ ನಂಬಿ ಕೂರಬೇಡಿ. ದೋಣಿ ನೀರಿಗಿಳಿಸುವ ಮುಂಚೆ, ಮೇ ತಿಂಗಳಲ್ಲೇ ಪತ್ರಗಳಿಗೆ ಸಹಿ ಆಗಿರಬೇಕು.

ಅಹವಾಲು ಸಭೆಯಲ್ಲಿ ಒಬ್ಬರಿಗೆ ಸಿಗುವುದು ಎರಡು ಮೂರು ನಿಮಿಷ. ಹೆಸರು, ಕಸುಬು, ಒಂದು ಅಂಕಿ, ಒಂದು ಹೊಳೆ, ಒಂದು ಕೋರಿಕೆ ಇಷ್ಟೇ ಆ ಹೊತ್ತಿನಲ್ಲಿ ಹಿಡಿಸುವುದು. ಮಾತಾಡಿದ್ದನ್ನು ಬರವಣಿಗೆಯಲ್ಲೂ ಅದೇ ದಿನ ಕೊಡಿ. ಮೈಕ್ ಸರಿಯಿರದೆ ಅಥವಾ ಫೋನ್ ಸಂಪರ್ಕ ಕಡಿದು ಅರ್ಧ ಮಾತು ದಾಖಲೆಯಲ್ಲಿ ಬಿಟ್ಟುಹೋಗುವುದು ದೂರದ ಹಳ್ಳಿಗಳ ಸಭೆಯಲ್ಲಿ ಮಾಮೂಲು.

ಯಾರ ಜೊತೆ, ಯಾರ ಹಿಂದೆ

ಪೆಬಲ್ ವಿಷಯದಲ್ಲಿ ಇಪಿಎಯನ್ನು ಮೊದಲು ಕದಲಿಸಿದ್ದು ಉದ್ಯಮವಲ್ಲ. 2010ರಲ್ಲಿ ಆರು ಬುಡಕಟ್ಟು ಸರ್ಕಾರಗಳು 404 ಸಿ ಬಳಸುವಂತೆ ಅರ್ಜಿ ಕೊಟ್ಟವು. ಯೂಪಿಕ್, ಡೆನಾಇನಾ, ಅಲುಟಿಕ್ ಜನರಿಗೆ ಈ ಮೀನು ಸಾವಿರಾರು ವರ್ಷದ ಆಹಾರ, ಮತ್ತು ಅವರ ಸರ್ಕಾರಗಳಿಗೆ ಕೇಂದ್ರದೊಂದಿಗೆ ನೇರವಾಗಿ ಮಾತಾಡುವ ಸ್ಥಾನವಿದೆ. ವ್ಯಾಪಾರಿಗಳು ಪತ್ರಿಕಾ ಹೇಳಿಕೆ ಕೊಡುವ ಮುಂಚೆ ಅವರನ್ನು ಕೇಳಬೇಕು. ಅವರ ಬೇಡಿಕೆಗಿಂತ ಸಡಿಲವಾದ ಒಪ್ಪಂದಕ್ಕೆ ಉದ್ಯಮ ಬೇರೆಯಾಗಿ ತಲೆಯಾಡಿಸಿದರೆ ಇಡೀ ಒಕ್ಕೂಟ ಅಲ್ಲಿಗೇ ಮುರಿಯುತ್ತದೆ.

ಗಣಿಯ ಕೆಲಸ ಬೇಕು ಎನ್ನುವ ಹಳ್ಳಿಗರೂ ಅಲ್ಲಿದ್ದಾರೆ. ಇಂಧನ, ದಿನಸಿ ಎಲ್ಲ ದುಬಾರಿಯಾದ ಊರುಗಳಲ್ಲಿ ಅದು ನ್ಯಾಯವಾದ ಆಸೆ. “ಮೀನು ಎಲ್ಲರನ್ನೂ ಸಾಕುತ್ತದೆ” ಎಂಬ ಉತ್ತರ ಅವರಿಗೆ ಸಾಲದು, ಏಕೆಂದರೆ 1970ರ ದಶಕದಲ್ಲಿ ಮೀನುಗಾರಿಕಾ ಪರವಾನಗಿಗಳ ಸಂಖ್ಯೆ ಮಿತಿಗೊಳಿಸಿದ ಮೇಲೆ ಎಷ್ಟೋ ಪರವಾನಗಿ ಸ್ಥಳೀಯರ ಕೈಬಿಟ್ಟು ಹೊರಗಿನವರಿಗೆ ಮಾರಾಟವಾಗಿದೆ. ಬ್ರಿಸ್ಟಲ್ ಬೇ ಆರ್ಥಿಕ ಅಭಿವೃದ್ಧಿ ನಿಗಮ ಸ್ಥಳೀಯರಿಗೆ ಪರವಾನಗಿ ಕೊಳ್ಳಲು ಸಾಲದ ಯೋಜನೆ ನಡೆಸುತ್ತದೆ. ಅಂಥದ್ದಕ್ಕೆ ಹಣ ಹಾಕಿದ, ಊರಿನ ಹುಡುಗರಿಗೆ ಘಟಕದಲ್ಲಿ ಕೆಲಸ ಕೊಟ್ಟ ಸಂಸ್ಥೆಯ ಮಾತಿಗೆ ಸಭೆಯಲ್ಲಿ ತೂಕ ಬೇರೆಯೇ ಇರುತ್ತದೆ.

ಎಲ್ಲ ಗಣಿಯೂ ಬೇಡ ಎಂಬ ನಿಲುವು ಅಲಾಸ್ಕಾದಲ್ಲಿ ನಿಲ್ಲುವುದಿಲ್ಲ. ರಾಜ್ಯದಲ್ಲಿ ರೆಡ್ ಡಾಗ್‌ನಂಥ ದೊಡ್ಡ ಗಣಿಗಳು ನಡೆಯುತ್ತಿವೆ, ಮೀನುಗಾರರ ಮನೆಯವರೇ ಅಲ್ಲಿ ದುಡಿಯುತ್ತಾರೆ. “ಈ ಜಾಗದಲ್ಲಿ ಈ ಗಣಿ ಬೇಡ” ಎಂಬ ಮಾತಿಗೆ ಗಣಿಗಾರಿಕೆಯ ಪರವಾಗಿದ್ದ ಸೆನೆಟರ್ ಟೆಡ್ ಸ್ಟೀವನ್ಸ್ ಕೂಡ ದನಿಗೂಡಿಸಿದ್ದರು. 2014ರಲ್ಲಿ ರಾಜ್ಯದ ಮತದಾರರ ಮುಂದೆ, ಬ್ರಿಸ್ಟಲ್ ಬೇ ಮೀನುಗಾರಿಕಾ ಮೀಸಲು ಪ್ರದೇಶದಲ್ಲಿ ಇಂಥ ದೊಡ್ಡ ಗಣಿಗೆ ಶಾಸನಸಭೆಯ ಒಪ್ಪಿಗೆಯೂ ಬೇಕು ಎಂಬ ಪ್ರಸ್ತಾಪ ಇಟ್ಟಾಗ ಸುಮಾರು ಮೂರನೇ ಎರಡರಷ್ಟು ಮತ ಅದರ ಪರವಾಗಿ ಬಿತ್ತು. ಇಡೀ ರಾಜ್ಯಕ್ಕೆ ಅನ್ವಯಿಸುವಂತಿದ್ದ 2008 ಮತ್ತು 2018ರ ಪ್ರಸ್ತಾಪಗಳು ಸೋತವು. ಎಷ್ಟು ಅಗಲಕ್ಕೆ ಬಲೆ ಬೀಸಬೇಕು ಎಂಬುದಕ್ಕೆ ಈ ಮೂರು ಮತದಾನಗಳು ಸಾಕು.

ಹಣ ಕೊಡುವ ಮುಂಚೆ

ಬ್ರಿಸ್ಟಲ್ ಬೇ ಪ್ರಾದೇಶಿಕ ಸಮುದ್ರಾಹಾರ ಅಭಿವೃದ್ಧಿ ಸಂಘಕ್ಕೆ ತೇಲುಬಲೆ ದೋಣಿಯವರು ತಮ್ಮ ಹಿಡಿತದ ಮೌಲ್ಯದ ಶೇ. 1ರಷ್ಟನ್ನು ಕೊಡುತ್ತಾರೆ. ಇಂಥ ಕಡ್ಡಾಯ ವಂತಿಗೆಯ ಹಣ ಗಣಿ ವಿರೋಧಕ್ಕೆ ಹೋಗಬಹುದೇ ಎಂದು ಪ್ರಶ್ನಿಸಿ ಕೆಲವು ಮೀನುಗಾರರು 2019ರಲ್ಲಿ ಮೊಕದ್ದಮೆ ಹೂಡಿದ್ದರು, ನ್ಯಾಯಾಲಯ ಅದನ್ನು ವಜಾ ಮಾಡಿತು. ನಿಮ್ಮ ಸಂಘ ಆ ದಾರಿಗೆ ಬೀಳದಿರಲು, ಖರ್ಚಿಗೆ ಮುಂಚೆ ಬೈಲಾ ಓದಿ, ಮೀನಿನ ಆವಾಸ ಕಾಯುವುದು ಸಂಘದ ಉದ್ದೇಶದೊಳಗೆ ಬರುತ್ತದೆ ಎಂಬ ಠರಾವು ಮಾಡಿ, ನಡಾವಳಿಯಲ್ಲಿ ಬರೆದಿಡಿ. ಮತದಾನದ ಪ್ರಚಾರಕ್ಕೆ ಹಣ ಕೊಟ್ಟರೆ ಅಲಾಸ್ಕಾ ಸಾರ್ವಜನಿಕ ಕಚೇರಿಗಳ ಆಯೋಗಕ್ಕೆ ಮೂಲ ಸಹಿತ ವರದಿ ಹೋಗಬೇಕು. ಹಣದ ಮೂಲ ಮುಚ್ಚಿಟ್ಟದ್ದು ಒಮ್ಮೆ ಹೊರಬಿದ್ದರೆ ಚರ್ಚೆ ಮೀನಿನಿಂದ ಹಣಕ್ಕೆ ತಿರುಗುತ್ತದೆ, ಮತ್ತೆ ಹಿಂದಿರುಗುವುದಿಲ್ಲ.

ಪೈಪೋಟಿಯ ಘಟಕಗಳು ಒಟ್ಟಿಗೆ ಕೂತಾಗ ವಕೀಲರು ಇರಲಿ. ಸರ್ಕಾರಕ್ಕೆ ಜಂಟಿಯಾಗಿ ಮನವಿ ಕೊಡಲು ಅಡ್ಡಿಯಿಲ್ಲ. ಅದೇ ಮೇಜಿನ ಮೇಲೆ ಮೀನಿನ ಬೆಲೆಯ ಮಾತು ಬಂದರೆ ಸ್ಪರ್ಧಾ ಕಾನೂನಿನ ತೊಡಕು ಶುರು. ಖರೀದಿ ಬಹಿಷ್ಕಾರದ ವಾಗ್ದಾನವನ್ನೂ ಪ್ರತಿ ಸಂಸ್ಥೆ ತಾನೇ ಸ್ವತಂತ್ರವಾಗಿ ನಿರ್ಧರಿಸಿ ಸಹಿ ಹಾಕಬೇಕು.

ಗಣಿಯ ಹಣದ ಮೂಲಕ್ಕೆ ಬರೆಯುವುದು

2008ರಲ್ಲಿ ಟಿಫನಿ, ಬೆನ್ ಬ್ರಿಡ್ಜ್, ಹೆಲ್ಜ್‌ಬರ್ಗ್ ಮುಂತಾದ ಆಭರಣ ಸಂಸ್ಥೆಗಳು ಪೆಬಲ್‌ನ ಚಿನ್ನ ಕೊಳ್ಳುವುದಿಲ್ಲ ಎಂದು ಘೋಷಿಸಿದವು, ಆಮೇಲೆ ಇನ್ನೂ ಹಲವು ಸೇರಿದವು. ಈ ಬಗೆಯ ಘೋಷಣೆಯ ಮಿತಿ ಗೊತ್ತಿರಲಿ. ಶುದ್ಧೀಕರಣ ಘಟಕದಲ್ಲಿ ಎಲ್ಲ ಗಣಿಯ ಚಿನ್ನ ಬೆರೆಯುತ್ತದೆ, ತಾಮ್ರಕ್ಕಂತೂ ಅಂಗಡಿ ಮುಂಗಟ್ಟಿನ ಗ್ರಾಹಕನೇ ಇಲ್ಲ. ಗಣಿಯ ಆದಾಯವನ್ನು ಅದು ನಿಲ್ಲಿಸಲಾರದು. ಚಿನ್ನ ಮಾರುವವರೇ ಬೇಡವೆಂದದ್ದು ಹೂಡಿಕೆದಾರನ ಮನಸ್ಸಿನಲ್ಲಿ ಉಳಿಯುತ್ತದೆ, ಅದರ ಬೆಲೆ ಅಷ್ಟು. ಸಹಿ ಹಾಕುವ ಆಭರಣ ವ್ಯಾಪಾರಿ ತನ್ನ ಶುದ್ಧೀಕರಣ ಘಟಕದಿಂದ ಲೋಹದ ಮೂಲದ ಲಿಖಿತ ಹೇಳಿಕೆ ತರಿಸಿಕೊಂಡೇ ಸಹಿ ಹಾಕಲಿ.

ಹೆಚ್ಚು ಫಲ ಕೊಡುವುದು ಪಾಲುದಾರ ಕಂಪನಿಗೆ ಬರೆಯುವ ಪತ್ರ ಎಂದು ನಾವು ಎಣಿಸುತ್ತೇವೆ. ಪೆಬಲ್‌ನ ಒಡೆತನ ಇರುವ ನಾರ್ದರ್ನ್ ಡೈನಸ್ಟಿ ಮಿನರಲ್ಸ್ ಚಿಕ್ಕ ಕಂಪನಿ, ಇಂಥ ಗಣಿಯನ್ನು ಒಂಟಿಯಾಗಿ ಕಟ್ಟುವಷ್ಟು ಬಂಡವಾಳ ಅದಕ್ಕಿಲ್ಲ. ಮಿತ್ಸುಬಿಷಿ 2011ರಲ್ಲಿ, ಆಂಗ್ಲೋ ಅಮೆರಿಕನ್ 2013ರಲ್ಲಿ ಹೊರಬಿದ್ದವು. ರಿಯೊ ಟಿಂಟೊ 2014ರಲ್ಲಿ ತನ್ನ ಷೇರುಗಳನ್ನು ಅಲಾಸ್ಕಾದ ಎರಡು ದತ್ತಿ ಸಂಸ್ಥೆಗಳಿಗೆ ಕೊಟ್ಟುಬಿಟ್ಟಿತು. 2018ರಲ್ಲಿ ಫಸ್ಟ್ ಕ್ವಾಂಟಂ ಒಪ್ಪಂದದಿಂದ ಹಿಂದೆ ಸರಿಯಿತು. ಹೊಸ ಪಾಲುದಾರನ ಹೆಸರು ಕೇಳಿಬಂದ ವಾರದಲ್ಲೇ ಅದರ ಆಡಳಿತ ಮಂಡಳಿಗೆ ಬರೆಯಿರಿ. ಒಪ್ಪಂದ ಸಹಿಯಾದ ಮೇಲೆ ಯಾವ ಕಂಪನಿಯೂ ತನ್ನ ತೀರ್ಮಾನವನ್ನು ಬೇಗ ಬದಲಿಸುವುದಿಲ್ಲ. ಆ ಪತ್ರದಲ್ಲಿ ಬೈಗುಳ ಬೇಡ. ಯಾವ ಪರವಾನಗಿ ಬಾಕಿ, ಯಾವ ಮೊಕದ್ದಮೆ ನಡೆಯುತ್ತಿದೆ, ಸಾಗಣೆ ದಾರಿಯ ಜಮೀನು ಯಾರದು ಎಂಬುದನ್ನು ಮಾತ್ರ ಕೊಡಿ.

ಜಮೀನಿನ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಗಣಿಗೆ ಉದ್ದೇಶಿಸಿದ ಉತ್ತರದ ರಸ್ತೆ ಪೆಡ್ರೊ ಬೇ ಕಾರ್ಪೊರೇಶನ್ ಎಂಬ ಮೂಲನಿವಾಸಿ ಸಂಸ್ಥೆಯ ಭೂಮಿಯ ಮೇಲೆ ಹಾದುಹೋಗಬೇಕಿತ್ತು. ಸಂಸ್ಥೆ ಮಾರಲಿಲ್ಲ. ಬದಲಿಗೆ 2022ರ ಕೊನೆಯಲ್ಲಿ, ದೇಣಿಗೆಯಿಂದ ಕೂಡಿದ ಸುಮಾರು 2 ಕೋಟಿ ಡಾಲರ್‌ಗೆ, 44,000 ಎಕರೆಗೂ ಹೆಚ್ಚು ಭೂಮಿಯ ಮೇಲೆ ಶಾಶ್ವತ ಸಂರಕ್ಷಣಾ ನಿರ್ಬಂಧ ಬರೆದುಕೊಟ್ಟಿತು. ಒಡೆತನ ಅವರದೇ, ಬೇಟೆ ಮೀನುಗಾರಿಕೆ ಅವರದೇ, ಗಣಿಯ ರಸ್ತೆಗೆ ಮಾತ್ರ ಎಡೆಯಿಲ್ಲ. ಪ್ರಚಾರಕ್ಕೆ ಹಣ ಇಟ್ಟಿರುವ ಉದ್ಯಮಗಳು ಅದರ ದೊಡ್ಡ ಪಾಲನ್ನು ಇಂಥ ಕಡೆ ಹಾಕುವುದು ಒಳ್ಳೆಯದು. ಸರ್ಕಾರ ಬದಲಾದರೂ ನೋಂದಣಿಯಾದ ನಿರ್ಬಂಧ ಉಳಿಯುತ್ತದೆ.

ಹೊಳೆಯನ್ನೇ ದಾಖಲೆಗೆ ಸೇರಿಸುವುದು

ಅಲಾಸ್ಕಾದ ಮೀನು ಮತ್ತು ಬೇಟೆ ಇಲಾಖೆ ಸಮುದ್ರದಿಂದ ಮರಳುವ ಮೀನಿರುವ ಹೊಳೆಗಳ ಪಟ್ಟಿಯನ್ನು ಇಟ್ಟಿದೆ. ಪಟ್ಟಿಯಲ್ಲಿರುವ ಹೊಳೆಯ ಪಾತ್ರದಲ್ಲಿ ಕೆಲಸ ಮಾಡಲು ಇಲಾಖೆಯ ಒಪ್ಪಿಗೆ ಬೇಕು. ಪಟ್ಟಿಯಲ್ಲಿಲ್ಲದ್ದು, ಮೀನು ತುಂಬಿದ್ದರೂ, ಕಾಗದದ ಮೇಲೆ ಖಾಲಿ ಹೊಳೆ. ದೂರದ ತೊರೆಗಳು ಎಷ್ಟೋ ಇನ್ನೂ ಸೇರಿಲ್ಲ. ಸೇರಿಸಲು ಯಾರು ಬೇಕಾದರೂ ಪ್ರಸ್ತಾಪ ಕಳಿಸಬಹುದು: ಜಾತಿ, ಅದು ಮೊಟ್ಟೆಯಿಡುತ್ತಿತ್ತೋ ಮರಿಯೋ ಹಾದುಹೋಗುತ್ತಿತ್ತೋ, ಎಷ್ಟು ಕಂಡಿತು, ದಿನಾಂಕ, ಜಿಪಿಎಸ್ ಬಿಂದು, ಫೋಟೊ, ಮೀನು ಕಂಡ ಅತಿ ಮೇಲಿನ ಜಾಗ. ಬಲೆ ಅಥವಾ ಬೋನಿನಲ್ಲಿ ಮರಿ ಹಿಡಿದು ನೋಡಬೇಕಾದರೆ ಮುಂಚಿತವಾಗಿ ಇಲಾಖೆಯ ಪರವಾನಗಿ ಪಡೆಯಿರಿ. ಪರವಾನಗಿಯಿಲ್ಲದೆ ಹಿಡಿದದ್ದು ಸಾಕ್ಷ್ಯವಾಗುವುದಿಲ್ಲ, ಅಪರಾಧವಾಗುತ್ತದೆ. ಲಾಡ್ಜಿನ ವಿಮಾನ, ಗೈಡುಗಳ ದೋಣಿ ಹೇಗೂ ಅತ್ತ ಓಡಾಡುತ್ತಿರುತ್ತವೆ. ಜೀವಶಾಸ್ತ್ರಜ್ಞರಿಗೆ ಖಾಲಿ ಸೀಟು ಕೊಡುವುದು ಲಾಡ್ಜ್ ಮಾಲೀಕರು ಮಾಡಬಹುದಾದ ಅತ್ಯಂತ ಉಪಯುಕ್ತ ಕೆಲಸಗಳಲ್ಲೊಂದು.

ಹೊಳೆಯಲ್ಲಿ ಇಷ್ಟು ನೀರು ಮೀನಿಗಾಗಿ ಉಳಿಯಲೇಬೇಕು ಎಂದು ರಾಜ್ಯದ ಸಂಪನ್ಮೂಲ ಇಲಾಖೆಗೆ ಅರ್ಜಿ ಹಾಕಲು ಅಲಾಸ್ಕಾ ಕಾನೂನಿನಲ್ಲಿ ಅವಕಾಶವಿದೆ. ನೀರಿನ ಹಕ್ಕಿನ ಸರದಿ ಅರ್ಜಿ ಹಾಕಿದ ದಿನದಿಂದ ಎಣಿಕೆಯಾಗುತ್ತದೆ, ಹಾಗಾಗಿ ಗಣಿ ಕಂಪನಿಗಿಂತ ಮೊದಲೇ ಹಾಕಿ. ಕುಕ್ ಇನ್‌ಲೆಟ್ ಪಕ್ಕದ ಚುಯಿಟ್ನಾ ನದಿಗೆ ಕಲ್ಲಿದ್ದಲು ಗಣಿ ಬರುವುದಿದ್ದಾಗ ಸ್ಥಳೀಯರು 2009ರಲ್ಲಿ ಇಂಥ ಅರ್ಜಿ ಹಾಕಿ, 2015ರಲ್ಲಿ ಕೆಳಭಾಗದ ಪಾತ್ರಕ್ಕೆ ಭಾಗಶಃ ಗೆದ್ದರು, 2017ರಲ್ಲಿ ಗಣಿ ಕಂಪನಿ ಯೋಜನೆ ಕೈಬಿಟ್ಟಿತು. ಅರ್ಜಿಗೆ ವರ್ಷಗಟ್ಟಲೆ ಹರಿವಿನ ಅಳತೆ ಬೇಕಾಗುತ್ತದೆ. ಅಳತೆಯ ಉಪಕರಣಕ್ಕೂ ಅದನ್ನು ನೋಡಿಕೊಳ್ಳುವವರ ಕೂಲಿಗೂ ಉದ್ಯಮದ ಹಣ ಸರಿಹೊಂದುತ್ತದೆ.

ಗೆದ್ದ ಮೇಲೆ

ಇಪಿಎ 2014ರಲ್ಲಿ ನಿರ್ಬಂಧ ಪ್ರಸ್ತಾಪಿಸಿತು, 2019ರಲ್ಲಿ ಅದನ್ನೇ ವಾಪಸು ತೆಗೆದುಕೊಂಡಿತು. ವಾಪಸಾತಿಯನ್ನು ಬುಡಕಟ್ಟುಗಳ, ಮೀನುಗಾರರ, ಪರಿಸರ ಸಂಸ್ಥೆಗಳ ಒಕ್ಕೂಟಗಳು ನ್ಯಾಯಾಲಯದಲ್ಲಿ ಪ್ರಶ್ನಿಸಿ, 2021ರಲ್ಲಿ ಅದು ರದ್ದಾಗಿ, 2023ರಲ್ಲಿ ಅಂತಿಮ ನಿರ್ಣಯ ಬಂತು. 2024ರಲ್ಲಿ ಕಂಪನಿಯೂ ಅಲಾಸ್ಕಾ ರಾಜ್ಯವೂ ಆ ನಿರ್ಣಯದ ವಿರುದ್ಧ ನ್ಯಾಯಾಲಯಕ್ಕೆ ಹೋದವು. ಅದಿರು ನೆಲದಲ್ಲಿರುವವರೆಗೆ ಅರ್ಜಿ ಮತ್ತೆ ಬರಬಹುದು, ಚಿಕ್ಕ ಯೋಜನೆಯ ರೂಪದಲ್ಲಿ. 2020ರ ಯೋಜನೆ 20 ವರ್ಷದ್ದು, ಅದು ಮುಟ್ಟುವ ಅದಿರು ಇಡೀ ನಿಕ್ಷೇಪದ ಸಣ್ಣ ಪಾಲು ಮಾತ್ರ. ಹೊಸ ಅರ್ಜಿ ಬಂದರೆ ಮೊದಲು ಹುಡುಕಬೇಕಾದದ್ದು ವಿಸ್ತರಣೆಯ ಬಗ್ಗೆ ಅದು ಹೂಡಿಕೆದಾರರಿಗೆ ಏನು ಹೇಳುತ್ತಿದೆ, ಪರವಾನಗಿ ಕೊಡುವವರಿಗೆ ಏನು ಹೇಳುತ್ತಿದೆ ಎಂಬುದನ್ನು. ಕಂಪನಿಯ ಷೇರುಪೇಟೆ ದಾಖಲೆಗಳು ಸಾರ್ವಜನಿಕ, ಎರಡನ್ನೂ ಪಕ್ಕಪಕ್ಕ ಇಟ್ಟು ವ್ಯತ್ಯಾಸವನ್ನು ಪುಟಸಂಖ್ಯೆ ಸಹಿತ ಕಡತಕ್ಕೆ ಸೇರಿಸಿ.

ಆದ್ದರಿಂದ ಒಕ್ಕೂಟದಲ್ಲಿ ಒಬ್ಬರಿಗೆ ಕಡತದ ಜವಾಬ್ದಾರಿ ಖಾಯಂ ಇರಬೇಕು. ಅವರ ವರ್ಷ ಹೀಗೆ ನಡೆಯುತ್ತದೆ: ಅಕ್ಟೋಬರಿನಲ್ಲಿ ಆ ಋತುವಿನ ಲೆಕ್ಕ ಎಲ್ಲ ಸದಸ್ಯರಿಂದ ಸಂಗ್ರಹ. ಚಳಿಗಾಲದಲ್ಲಿ ಹೊಸ ಅಧ್ಯಯನಗಳ ಓದು, ಮಾಹಿತಿ ಹಕ್ಕಿನ ಅರ್ಜಿಗಳು. ಕೇಂದ್ರದ ಇಲಾಖೆಗೆ ಉತ್ತರಿಸಲು 20 ಕೆಲಸದ ದಿನಗಳ ನಿಯಮವಿದ್ದರೂ ತಿಂಗಳುಗಳೇ ಹಿಡಿಯಬಹುದಾದ್ದರಿಂದ ಬೇಗ ಹಾಕಬೇಕು. ಏಪ್ರಿಲಿನಲ್ಲಿ ಹಳೆಯ ಪತ್ರಗಳಿಗೆ ಹೊಸ ಅಂಕಿ ತುಂಬಿ, ಮೇ ತಿಂಗಳಲ್ಲಿ ಸಹಿ ಮಾಡಿಸಿ, ಕಳಿಸಲು ಸಿದ್ಧವಾಗಿ ಇಟ್ಟಿರಬೇಕು. ಜೂನ್ ಮತ್ತು ಜುಲೈಯಲ್ಲಿ ಪ್ರಕಟಣೆ ಬಂದರೆ ಸಲ್ಲಿಸುವ ಅಧಿಕಾರ ಯಾರಿಗೆ ಎಂದು ಠರಾವಿನಲ್ಲೇ ಬರೆದಿರಲಿ, ಏಕೆಂದರೆ ಆಗ ಫೋನ್ ಎತ್ತಲು ಯಾರೂ ದಡದಲ್ಲಿರುವುದಿಲ್ಲ.